ಮೂರು ದಿನದ ದಾರಿ

ನನ್ನ ತಂಗಿಯ ಮಗನು ತನ್ನ ನಾಲ್ವರು ಸ್ನೇಹಿತರೊಡನೆ ಶನಿವಾರದ ಸಂಜೆಗಳಲ್ಲಿ ನಮ್ಮ ಮನೆಯ ಊಟದ ಮೇಜನ್ನು ಆಕ್ರಮಿಸಿಕೊಂಡು, ಕಾಗದ, ಪೆನ್ಸಿಲು, ಬಣ್ಣಬಣ್ಣದ ದಾಳಗಳು ಮತ್ತು ಒಂದು ಹರಿವಾಣದ ತುಂಬ ಚುರುಮುರಿ, ಇಷ್ಟನ್ನೇ ಸಾಮಗ್ರಿಯಾಗಿ ಇಟ್ಟುಕೊಂಡು ರಾತ್ರಿ ಹತ್ತರವರೆಗೆ ನಡೆಸುವ ಆಟವೊಂದನ್ನು ನಾನು ಮೊದಮೊದಲು ಉದಾಸೀನದಿಂದಲೂ, ಅನಂತರ ಕುತೂಹಲದಿಂದಲೂ, ಈಚೆಗೆ ನಿಜವಾದ ಅಭಿಮಾನದಿಂದಲೂ ನೋಡುತ್ತ ಬಂದಿದ್ದೇನೆ. ಅದಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು. ಆಡುವವರ ಬಾಯಲ್ಲಿ ಅದು ಆರ್‌ಪಿಜಿ. ಒಬ್ಬರು ಗೇಮ್ ಮಾಸ್ಟರ್ ಆಗಿ, ನಮ್ಮ ರಂಗಭೂಮಿಯ ಮಾತಿನಲ್ಲಿ ಹೇಳುವುದಾದರೆ ಸೂತ್ರಧಾರರಾಗಿ, ಒಂದು ಕಲ್ಪಿತ ಲೋಕವನ್ನು ವರ್ಣಿಸುತ್ತಾರೆ; ಮಿಕ್ಕವರು ಒಂದೊಂದು ಪಾತ್ರವನ್ನು ಧರಿಸಿ, ಆ ಪಾತ್ರ ಆ ಸನ್ನಿವೇಶದಲ್ಲಿ ಏನು ಮಾಡುವುದೆಂಬುದನ್ನು ಬಾಯಿಮಾತಿನಲ್ಲಿಯೇ ತಿಳಿಸುತ್ತಾರೆ; ಫಲವು ಸಂದಿಗ್ಧವಾಗಿರುವ ಕಡೆಯಲ್ಲಿ ದಾಳ ಬಿದ್ದಂತೆ ಕಥೆ ತಿರುಗುತ್ತದೆ. ಬಣ್ಣವಿಲ್ಲ, ವೇಷವಿಲ್ಲ, ಪ್ರೇಕ್ಷಕರಂತೂ ಇಲ್ಲವೇ ಇಲ್ಲ, ಚುರುಮುರಿಯ ಆಸೆಗೆ ಬಂದು ಕುಳಿತ ನನ್ನೊಬ್ಬನನ್ನು ಬಿಟ್ಟರೆ.

ಒಂದು ಶನಿವಾರ ಅವರ ಕಥೆಯು ಒಂದು ಹಳ್ಳಿಯ ಅಂಚಿಗೆ ಬಂದು ನಿಂತಿತ್ತು. ಅಲ್ಲಿಂದ ಮೂರು ದಿನದ ದಾರಿ ನಡೆದರೆ ಪಾಳುಬಿದ್ದ ಒಂದು ಕೋಟೆ. ಸೂತ್ರಧಾರಿಣಿಯಾಗಿದ್ದ ಹುಡುಗಿಯು ಬಹಳ ಶ್ರದ್ಧೆಯವಳು. ಪ್ರತಿದಿನದ ಹವೆಗೆ ಒಂದು ದಾಳ, ಪ್ರತಿರಾತ್ರಿಯ ಕಾವಲಿಗೆ ಒಂದು ಸರದಿ, ಯಾರು ಎಲ್ಲಿ ಮಲಗಿದರು, ಬೆಂಕಿ ಯಾರು ಹೊತ್ತಿಸಿದರು, ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡಳು. ಎರಡನೆಯ ರಾತ್ರಿ ಆರು ತೋಳಗಳು ಬಂದುವು, ಅವನ್ನು ಕೊಂದದ್ದಾಯಿತು, ಕೊಂದದ್ದರಿಂದ ಕಥೆಗೆ ಯಾವ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಂದೂವರೆ ಗಂಟೆ ಕಳೆದಿತ್ತು, ಒಬ್ಬನು ಮೇಜಿನ ಕೆಳಗೆ ಮೊಬೈಲು ತೆಗೆದಿದ್ದನು, ಕೋಟೆಯ ಬಾಗಿಲು ಕಾಣುವ ಹೊತ್ತಿಗೆ ಎಲ್ಲರಿಗೂ ಮನೆಗೆ ಹೋಗುವ ಸಮಯವಾಗಿತ್ತು. ಇದರಿಂದ ಪಾಠ ಕಲಿತ ಆಕೆಯು ಮುಂದಿನ ವಾರ ಅದೇ ದೂರದ ಇನ್ನೊಂದು ಪ್ರಯಾಣವನ್ನು "ಮೂರು ದಿನ ಆಯ್ತು, ಊರು ಬಂತು, ಈಗೇನ್ ಮಾಡ್ತೀರ?" ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟಳು. ಆಗ ನನ್ನ ಅಳಿಯ ಮುಖ ಸಣ್ಣದು ಮಾಡಿಕೊಂಡು, "ಅಷ್ಟ್ ದೂರ ಬಂದ್ವಿ ಅಂತ ಅನ್ನಿಸ್ಲೇ ಇಲ್ಲ ಕಣೇ, ಪಕ್ಕದ ಬೀದಿಗೆ ಹೋದ ಹಾಗಾಯ್ತು" ಎಂದನು.

ಎಳೆದರೂ ಕೆಟ್ಟಿತು, ಮೊಟಕಿಸಿದರೂ ಕೆಟ್ಟಿತು. ದಾರಿಯನ್ನು ಆಟದೊಳಕ್ಕೆ ತರುವುದು ಹೇಗೆಂಬ ಈ ಸಮಸ್ಯೆಯು ಆ ಹುಡುಗಿಯದು ಮಾತ್ರವಲ್ಲ. ಈ ಆಟಗಳ ಐವತ್ತು ವರ್ಷಗಳ ಇತಿಹಾಸದಲ್ಲಿ ನಿಯಮಕಾರರು ಮತ್ತೆ ಮತ್ತೆ ಹಿಡಿದು, ಮತ್ತೆ ಮತ್ತೆ ಕೈಬಿಟ್ಟ ಸಮಸ್ಯೆ ಅದು. ಅವರ ಪುಸ್ತಕಗಳನ್ನು ಅಳಿಯನಿಂದ ಎರವಲು ಪಡೆದು ಓದುತ್ತಿದ್ದಾಗ ನನಗೆ ಪದೇ ಪದೇ ನೆನಪಾದದ್ದು ಮಾತ್ರ ವನಪರ್ವದ ನಳೋಪಾಖ್ಯಾನ.

ಬಾಹುಕನೆಂಬ ಕುರೂಪಿ ಸಾರಥಿಯ ವೇಷದಲ್ಲಿರುವ ನಳನು ಋತುಪರ್ಣ ರಾಜನನ್ನು ಅಯೋಧ್ಯೆಯಿಂದ ವಿದರ್ಭಕ್ಕೆ ನೂರು ಯೋಜನಗಳ ದೂರವನ್ನು ಒಂದೇ ಹಗಲಿನಲ್ಲಿ ಒಯ್ಯಬೇಕಾಗಿದೆ. ಕಥೆಗಾರನು ಆ ನೂರು ಯೋಜನಗಳನ್ನು ಒಂದೊಂದಾಗಿ ಅಳೆಯುತ್ತ ಕೂಡುವುದಿಲ್ಲ. ಹಾಗೆಂದು ಹೊರಟರು, ತಲುಪಿದರು ಎಂದು ಹಾರಿಸುವುದೂ ಇಲ್ಲ. ರಾಜನ ಉತ್ತರೀಯ ಜಾರಿ ಬೀಳುತ್ತದೆ. ನಿಲ್ಲಿಸು, ತರಿಸೋಣ ಎನ್ನುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿರುತ್ತದೆ. ವೇಗವೆಂದರೇನೆಂಬುದು ಆ ಒಂದು ಬಟ್ಟೆಯಿಂದ ನಮಗೆ ತಿಳಿಯಿತು. ಮುಂದೆ ಒಂದು ತಾರೆಮರದ ಬಳಿ ರಾಜನು ಅದರ ಎಲೆಕಾಯಿಗಳ ಲೆಕ್ಕವನ್ನು ನೋಡಿದ ಮಾತ್ರಕ್ಕೆ ಹೇಳಿ ತನ್ನ ವಿದ್ಯೆಯನ್ನು ಮೆರೆಯುತ್ತಾನೆ. ನಳನು ಹೊತ್ತು ಮೀರಿದರೂ ಸರಿಯೆಂದು ರಥವನ್ನು ನಿಲ್ಲಿಸಿ, ಮರವನ್ನು ಕಡಿದು ಎಣಿಸಿಯೇ ತೀರುತ್ತಾನೆ. ಅಲ್ಲಿ ಅಶ್ವಹೃದಯಕ್ಕೂ ಅಕ್ಷಹೃದಯಕ್ಕೂ, ಎಂದರೆ ಕುದುರೆಯ ವಿದ್ಯೆಗೂ ದಾಳದ ವಿದ್ಯೆಗೂ, ವಿನಿಮಯ ನಡೆದು ನಳನ ಮೈಯನ್ನು ಹೊಕ್ಕು ಕಾಡುತ್ತಿದ್ದ ಕಲಿಯು ಹೊರಬೀಳುತ್ತಾನೆ. ಆ ತಾರೆಕಾಯಿಯೇ ಪ್ರಾಚೀನರ ದಾಳವೆಂಬುದನ್ನು ನೆನೆದರೆ, ವಾಹನವೂ ಪಗಡೆಯೂ ದಾರಿಯ ನಡುವೆ ಒಂದೇ ಮರದ ಕೆಳಗೆ ಕೂಡಿದ ಇಂಥ ಪ್ರಸಂಗ ಇನ್ನೆಲ್ಲಿಯಾದರೂ ಇದ್ದೀತೆ ಎನಿಸುತ್ತದೆ. ಹೊತ್ತು ಕಡಿಮೆಯಿದೆ, ನಿಂತರೆ ನಷ್ಟ, ನಿಲ್ಲದಿದ್ದರೂ ನಷ್ಟ: ದಾರಿಯು ಕಥೆಯಾಗಲು ಇಂಥ ಒಂದು ಇಕ್ಕಟ್ಟು ಬೇಕು. ನಮ್ಮ ಮೇಜಿನ ತೋಳಗಳಲ್ಲಿ ಇಲ್ಲದಿದ್ದುದು ಅದೇ.

ಈ ಆಟಗಳ ಪೂರ್ವಜನು ಯುದ್ಧದ ಆಟ. ಪ್ರಷ್ಯದ ಸೈನ್ಯಾಧಿಕಾರಿ ರೈಸ್ವಿಟ್ಸ್ ಎಂಬಾತನು ತಂದೆಯ ಆಟವನ್ನು ತಿದ್ದಿ 1824ರಲ್ಲಿ ಪ್ರಕಟಿಸಿದ ಕ್ರೀಗ್‌ಸ್ಪೀಲ್‌ನಲ್ಲಿ, 1:8000 ಪ್ರಮಾಣದ ನಕ್ಷೆಯ ಮೇಲೆ, ಎರಡೆರಡು ನಿಮಿಷದ ಒಂದೊಂದು ಸರದಿಯಲ್ಲಿ, ಪದಾತಿಯು ಅಷ್ಟು ಹೊತ್ತಿನಲ್ಲಿ ಎಷ್ಟು ನಡೆದೀತೋ ಅಷ್ಟೇ ನಡೆಯತಕ್ಕದ್ದು. ನಡುವೆ ತೀರ್ಪುಗಾರನೊಬ್ಬನು ಕುಳಿತು ದಾಳ ಹಾಕಿ ಫಲ ಹೇಳತಕ್ಕದ್ದು. ಹೀಗೆ ದೂರ, ಕಾಲ, ದಾಳ, ಮಧ್ಯಸ್ಥ, ಈ ನಾಲ್ಕೂ ಕಥೆ ಹುಟ್ಟುವ ಮೊದಲೇ ಸಿದ್ಧವಾಗಿದ್ದುವು. ಕಥೆಯು ಸೇರಿಕೊಂಡದ್ದು ಒಂದೂವರೆ ಶತಮಾನದ ತರುವಾಯ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವ ಎಂಬ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ. ಮೂರು ಪುಟ್ಟ ಪುಸ್ತಿಕೆಗಳ ಆ ಪೆಟ್ಟಿಗೆಯಲ್ಲಿ ಮೂರನೆಯದು ನೆಲಮಾಳಿಗೆಗಳನ್ನೂ ಅವುಗಳ ಹೊರಗಿನ ಕಾಡುಮೇಡುಗಳನ್ನೂ ಕುರಿತದ್ದು. ಕಾಡಿನ ನಕ್ಷೆಗೆ ಅವರು ಮಾಡಿದ ಉಪಾಯ ಮಾತ್ರ ನಗೆ ತರಿಸುವಂಥದು: ಅವಾಲನ್ ಹಿಲ್ ಕಂಪನಿಯು 1972ರಲ್ಲಿ ಮಾರುತ್ತಿದ್ದ ಔಟ್‌ಡೋರ್ ಸರ್ವೈವಲ್ ಎಂಬ, ದಾರಿತಪ್ಪಿದವರು ನೀರು ಆಹಾರ ಹುಡುಕುತ್ತ ಪಾರಾಗುವ, ಬೇರೊಂದು ಆಟದ ಹಾಸನ್ನೇ ಕೊಂಡು ತಂದು ಹರಡಿಕೊಳ್ಳಿರೆಂದು ಅವರು ಬರೆದರು, ಅದರಲ್ಲಿನ ನೀರಿನ ಹೊಂಡಗಳನ್ನು ಕೋಟೆಗಳೆಂದೂ ಮನೆಗಳನ್ನು ಊರುಗಳೆಂದೂ ಭಾವಿಸತಕ್ಕದ್ದು. ಎಲೆ ಹಾಕಿದವರು ಒಬ್ಬರು, ಬಡಿಸಿದವರು ಇನ್ನೊಬ್ಬರು.

ಆ ಹಾಸಿನ ಮೇಲೆ ಅಚ್ಚಾಗಿದ್ದದ್ದು ಚೌಕದ ಮನೆಗಳಲ್ಲ, ಜೇನುಹಟ್ಟಿಯಂಥ ಷಟ್ಕೋನಗಳು. ಆಡುವವರು ಇದನ್ನು ಹೆಕ್ಸ್ ಎನ್ನುತ್ತಾರೆ. ಚದುರಂಗದ ಚೌಕದಲ್ಲಿ ನೆಟ್ಟಗೆ ಒಂದು ಮನೆ ನಡೆದರೆ ಒಂದು ಅಳತೆ, ಮೂಲೆಯಿಂದ ಮೂಲೆಗೆ ನಡೆದರೆ ಅದರ 1.41ರಷ್ಟು, ದಿನಕ್ಕಿಷ್ಟೇ ಮೈಲಿಯೆಂದು ಲೆಕ್ಕವಿಡುವ ಪ್ರಯಾಣಿಕನಿಗೆ ಈ ಮೋಸ ಸಲ್ಲದು. ಷಟ್ಕೋನದಲ್ಲಾದರೋ ನಡುವಿನಿಂದ ಆರೂ ನೆರೆಮನೆಗಳ ನಡುವಿಗೆ ದೂರವು ಒಂದೇ. ಯಾವ ದಿಕ್ಕಿಗೆ ಹೊರಟರೂ ನ್ಯಾಯ ಒಂದೇ. ಮುಂದೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನದೇ ಆಗಿ 1981ರಲ್ಲಿ ಹೊರಟ ಎಕ್ಸ್‌ಪರ್ಟ್ ಪೆಟ್ಟಿಗೆಯಲ್ಲಿ ನಿಯಮಗಳ ಜೊತೆಗೆ ಐಲ್ ಆಫ್ ಡ್ರೆಡ್ ಎಂಬ ದ್ವೀಪವನ್ನೂ ಇಟ್ಟಿದ್ದರು. ಆಟಗಾರರ ಕೈಗೆ ಬರುತ್ತಿದ್ದ ನಕ್ಷೆಯಲ್ಲಿ ಕರಾವಳಿಯ ಗೆರೆ ಮಾತ್ರ ಇದ್ದು, ಒಳನಾಡೆಲ್ಲ ಬರಿಯ ಷಟ್ಕೋನಗಳ ಬಯಲು. ಒಂದೊಂದು ಮನೆಯನ್ನು ಹೊಕ್ಕಂತೆಲ್ಲ ಬೆಟ್ಟವೋ ಜೌಗೋ ಎಂದು ತಾವೇ ಪೆನ್ಸಿಲಿನಿಂದ ತುಂಬಿಕೊಳ್ಳಬೇಕು. ಅಳಿಯನ ಸ್ನೇಹಿತನೊಬ್ಬನು ಹಾಗೆ ತುಂಬಿದ ಒಂದು ಹಾಳೆಯನ್ನು ನನಗೆ ತೋರಿಸಿದನು. ಅಳಿಸಿ ಅಳಿಸಿ ಕಾಗದ ಸವೆದಿತ್ತು. ಒಂದು ಮೂಲೆಯಲ್ಲಿ ನದಿಯೊಂದು ಮೇಲಕ್ಕೆ ಹರಿಯುತ್ತಿತ್ತು. ಅದರ ಪಕ್ಕದಲ್ಲಿ "ಇಲ್ಲಿ ತಪ್ಪಿದೆವು" ಎಂದು ಕನ್ನಡದಲ್ಲಿ ಬರೆದಿತ್ತು.

ಆ ಪೆಟ್ಟಿಗೆಯಲ್ಲಿರುವ, ದಾರಿ ತಪ್ಪುವುದನ್ನು ಕುರಿತ ನಿಯಮವನ್ನು ನಾನು ಮೆಚ್ಚಿಕೊಂಡಿದ್ದೇನೆ. ಬೆಳಗ್ಗೆ ಹೊರಡುವಾಗ ಸೂತ್ರಧಾರನು ಆರು ಮುಖದ ದಾಳವನ್ನು ಮರೆಯಲ್ಲಿ ಉರುಳಿಸುತ್ತಾನೆ. ಬಯಲಿನಲ್ಲಾದರೆ ಆರರಲ್ಲಿ ಒಂದು ಪಾಲು, ಜೌಗಿನಲ್ಲಾದರೆ ಆರರಲ್ಲಿ ಮೂರು ಪಾಲು ದಾರಿ ತಪ್ಪುವ ಸಂಭವ. ತಪ್ಪಿದರೆ ಅದನ್ನು ಆತನು ಹೇಳುವುದಿಲ್ಲ. ಇವರು ಉತ್ತರಕ್ಕೆ ಹೊರಟೆವೆಂದು ನಕ್ಷೆಯಲ್ಲಿ ಗುರುತು ಹಾಕುತ್ತಾರೆ, ಕಾಲುಗಳು ಈಶಾನ್ಯಕ್ಕೆ ಹೋಗುತ್ತಿರುತ್ತವೆ. ನಾಳೆ ಸಿಕ್ಕಬೇಕಾಗಿದ್ದ ಹೊಳೆ ಸಿಕ್ಕದಾಗ ಮಾತ್ರ ಒಬ್ಬರ ಮುಖ ಒಬ್ಬರು ನೋಡುವುದು. ದಾಳವು ಇಲ್ಲಿ ಶಿಕ್ಷೆಯನ್ನು ವಿಧಿಸಲಿಲ್ಲ, ಅನುಮಾನವನ್ನು ಬಿತ್ತಿತು. ಮಲೆನಾಡಿನ ಕಾಡಿನಲ್ಲಿ ಒಮ್ಮೆಯಾದರೂ ಅದೇ ಬಂಡೆಯನ್ನು ಎರಡು ಸಲ ಕಂಡವರಿಗೆ ಈ ಅನುಮಾನದ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಕಾಲದ ಇನ್ನೊಂದು ನಿಯಮವಂತೂ ನೋಡಲು ಅಂಗಡಿಯ ಲೆಕ್ಕದಂತೆ ಶುಷ್ಕವಾಗಿದ್ದು, ಒಳಗೆ ಒಂದು ಇಡೀ ನೀತಿಕಥೆಯನ್ನು ಅಡಗಿಸಿಕೊಂಡಿದೆ. ಹೊರೆಯನ್ನು ಪೌಂಡಿನಲ್ಲಿ ಅಳೆಯದೆ ನಾಣ್ಯದಲ್ಲಿ ಅಳೆಯುತ್ತಿದ್ದರು. ಹತ್ತು ನಾಣ್ಯಕ್ಕೆ ಒಂದು ಪೌಂಡು. ನಾನೂರು ನಾಣ್ಯದ ತೂಕದವರೆಗೆ ಹೊತ್ತವನು ದಿನಕ್ಕೆ 24 ಮೈಲಿ ನಡೆದಾನು. ಆರುನೂರಕ್ಕೆ 18, ಎಂಟುನೂರಕ್ಕೆ 12, ಅದನ್ನು ಮೀರಿ ಸಾವಿರದ ಆರುನೂರರವರೆಗೆ ಹೊತ್ತವನಿಗೆ ಬರಿಯ 6 ಮೈಲಿ. ಹೋಗುವಾಗ ಬರಿಗೈಯಲ್ಲಿ ಒಂದು ದಿನದಲ್ಲಿ ಮುಗಿಸಿದ ದಾರಿಯು ಹೊನ್ನು ಹೊತ್ತು ಹಿಂದಿರುಗುವಾಗ ನಾಲ್ಕು ದಿನವಾಗುತ್ತದೆ. ರಾತ್ರಿಗೊಮ್ಮೆ ದಾಳ ಹಾಕಿ, ಒಂದು ಬಿದ್ದರೆ ಏನೋ ಒಂದು ಎದುರಾಗುವುದೆಂದು ಇಟ್ಟುಕೊಂಡರೆ, ನಾಲ್ಕು ರಾತ್ರಿಗಳನ್ನು ಸುಖವಾಗಿ ಕಳೆಯುವ ಸಂಭವವು 1296ರಲ್ಲಿ 625, ಅರ್ಧಕ್ಕಿಂತ ಕಡಿಮೆ. ಗೆದ್ದವನಿಗೇ ದಾರಿ ಉದ್ದವಾಗುತ್ತದೆ. ಹೇಸರಗತ್ತೆಯನ್ನೂ ಬಂಡಿಯನ್ನೂ ಕೊಳ್ಳುವ ಬುದ್ಧಿ ಆಗ ತಾನಾಗಿಯೇ ಹುಟ್ಟುತ್ತದೆ. ಕೊಂಡ ಮೇಲೆ ಹುಲ್ಲು, ನೀರು, ಮುರಿಯುವ ಅಚ್ಚು, ಬಂಡಿ ಹೋಗಲಾರದ ಕಾಲುದಾರಿ, ಇವೆಲ್ಲ ಹಿಂದೆಯೇ ಬರುತ್ತವೆ. ವಾಹನವು ಈ ಆಟದೊಳಕ್ಕೆ ಬಂದದ್ದು ವೇಗಕ್ಕಾಗಿ ಅಲ್ಲ, ದುರಾಸೆಗಾಗಿ ಎಂದರೆ ತಪ್ಪಾಗದು. ಈಗಿನ ಹುಡುಗರು ಈ ನಾಣ್ಯದ ಲೆಕ್ಕವನ್ನು ತಲೆನೋವೆಂದು ಬಿಟ್ಟುಬಿಟ್ಟಿದ್ದಾರೆ. ಅದೇ ಆಟದ 2014ರ ಪರಿಷ್ಕೃತ ರೂಪದಲ್ಲಿ ದಿನಕ್ಕೆ 30, 24, 18 ಮೈಲಿಗಳ ಮೂರು ನಡಿಗೆಗಳಿದ್ದು, ಬೇಗ ನಡೆದರೆ ಕಣ್ಣು ಮಂಕು, ನಿಧಾನವಾದರೆ ಮರೆಯಾಗಿ ಸಾಗುವ ಅನುಕೂಲ ಎಂಬ ವಿನಿಮಯವೇನೋ ಉಂಟು. ಆದರೆ ಹೊತ್ತೂ ಅನ್ನವೂ ದುಬಾರಿಯಾಗದ ಕಡೆ ಯಾರು ತಾನೇ ಬೇಗ ನಡೆಯಹೋದಾರು?

ದುಬಾರಿ ಎಂಬ ಮಾತು ಬಂದ ಮೇಲೆ ಟ್ರ್ಯಾವೆಲರ್ ಎಂಬ ಆಟವನ್ನು ಕುರಿತು ತುಸು ವಿಸ್ತಾರವಾಗಿಯೇ ಹೇಳಬೇಕು. ವಾಹನದ ವಿಷಯದಲ್ಲಿ ಇದಕ್ಕಿಂತ ಜಾಣತನದ ಕಲ್ಪನೆಯನ್ನು ನಾನು ಕಂಡಿಲ್ಲ. ಮಾರ್ಕ್ ಮಿಲ್ಲರ್ ಎಂಬವರು 1977ರಲ್ಲಿ ಹೊರತಂದ ಈ ಆಟವು ನಕ್ಷತ್ರಗಳ ನಡುವೆ ನಡೆಯುತ್ತದೆ. ನಕ್ಷೆಯು ಇಲ್ಲಿಯೂ ಷಟ್ಕೋನಗಳದೇ, ಒಂದು ಮನೆಗೆ ಒಂದು ಪಾರ್ಸೆಕ್. ನೌಕೆಯ ಯಂತ್ರದ ಶಕ್ತಿಗೆ ಅನುಗುಣವಾಗಿ ಒಂದರಿಂದ ಆರು ಪಾರ್ಸೆಕ್‌ವರೆಗೆ ಒಂದೇ ನೆಗೆತ. ಎಷ್ಟೇ ದೂರ ನೆಗೆದರೂ ಹಿಡಿಯುವ ಕಾಲ ಮಾತ್ರ ಸುಮಾರು ಒಂದು ವಾರ. ಆ ಒಂದು ವಾರ ಹೊರಗಿನ ಪ್ರಪಂಚದೊಡನೆ ಯಾವ ಸಂಪರ್ಕವೂ ಇಲ್ಲ. ನೌಕೆಗಿಂತ ವೇಗವಾಗಿ ಸಾಗುವ ತಂತಿಯಾಗಲಿ ದೂರವಾಣಿಯಾಗಲಿ ಆ ಲೋಕದಲ್ಲಿ ಇಲ್ಲವಾದ್ದರಿಂದ, ಸುದ್ದಿಯೂ ಟಪಾಲಿನ ಚೀಲದಲ್ಲಿಯೇ ಪ್ರಯಾಣ ಮಾಡಬೇಕು; ದೊರೆ ಸತ್ತದ್ದು ಗಡಿನಾಡಿಗೆ ತಿಳಿಯುವಾಗ ಹೊಸ ದೊರೆಗೆ ವಯಸ್ಸಾಗಿರುತ್ತದೆ ಎಂದರೆ ಸ್ವಲ್ಪವೇ ಅತಿಶಯೋಕ್ತಿಯಾದೀತು. ಹಾಯಿಹಡಗಿನ ಕಾಲವನ್ನು ನಕ್ಷತ್ರಗಳಿಗೆ ಏರಿಸಿದ ಚಮತ್ಕಾರ ಇದು.

ಪಾತ್ರಗಳು ಇಲ್ಲಿ ಎಳೆಯ ವೀರರಲ್ಲ. ನೌಕಾದಳದಲ್ಲಿಯೋ ವರ್ತಕರ ಹಡಗುಗಳಲ್ಲಿಯೋ ವರ್ಷಗಟ್ಟಲೆ ದುಡಿದು ನಿವೃತ್ತರಾದವರು. ಅದೃಷ್ಟವಿದ್ದ ವರ್ತಕನಿಗೆ ನಿವೃತ್ತಿಯ ಇಡಿಗಂಟಾಗಿ ಫ್ರೀ ಟ್ರೇಡರ್ ಎಂಬ 200 ಟನ್ನಿನ ಸರಕುನೌಕೆ ಸಿಕ್ಕುವುದುಂಟು, ಅದರ ಸಾಲದೊಂದಿಗೆ. ನೌಕೆಯ ಬೆಲೆ 3 ಕೋಟಿ 70 ಲಕ್ಷ 80 ಸಾವಿರ ಕ್ರೆಡಿಟ್. ತಿಂಗಳ ಕಂತು ಬೆಲೆಯ 240ರಲ್ಲಿ ಒಂದು ಪಾಲು, ಎಂದರೆ 1,54,500. ಕಂತುಗಳು 480, ನಲವತ್ತು ವರ್ಷ. ಈಗ ಆದಾಯವನ್ನು ನೋಡಿ. ನಾಲ್ವರು ಸಿಬ್ಬಂದಿ ಮಲಗಿದ ಮೇಲೆ ಉಳಿಯುವುದು ಆರು ಕೊಠಡಿ. ಮೇಲ್ದರ್ಜೆಯ ಟಿಕೆಟ್ಟಿಗೆ ತಲಾ 10,000. ಉಗ್ರಾಣದಲ್ಲಿ 82 ಟನ್ ಸರಕು, ಟನ್ನಿಗೆ 1,000. ಇನ್ನು ಕೆಳದರ್ಜೆಯವರು ಇಪ್ಪತ್ತು ಮಂದಿ. ಇವರನ್ನು ಹಿಮನಿದ್ರೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿಸಿ ಒಯ್ಯುತ್ತಾರೆ, ದರ ಬರಿಯ 1,000, ಏಕೆಂದರೆ ಏಳುವಾಗ ಕೆಲವರು ಏಳುವುದೇ ಇಲ್ಲ. ಎಷ್ಟು ಮಂದಿ ಬದುಕಿ ಏಳುವರೆಂದು ಆ ಪ್ರಯಾಣಿಕರೇ ಮಲಗುವ ಮೊದಲು ಪಂದ್ಯ ಕಟ್ಟುವ ಪದ್ಧತಿಯೂ ನಿಯಮಪುಸ್ತಕದಲ್ಲಿದೆ. ಅಷ್ಟು ಕರಾಳವಾದ ಹಾಸ್ಯವನ್ನು ನಾನು ದರಪಟ್ಟಿಯಲ್ಲಿ ಓದುವೆನೆಂದು ಎಣಿಸಿರಲಿಲ್ಲ. ಎಲ್ಲವೂ ತುಂಬಿದರೆ ಒಂದು ಸುತ್ತಿಗೆ 1,62,000. ನೆಗೆತಕ್ಕೆ ಒಂದು ವಾರ, ಬಂದರಿನಲ್ಲಿ ಒಂದು ವಾರ, ತಿಂಗಳಿಗೆ ಎರಡು ಸುತ್ತು. ಎರಡು ಸುತ್ತೂ ಅರ್ಧವೇ ತುಂಬಿದವೆನ್ನಿ: ಬಂದದ್ದು 1,62,000, ಬ್ಯಾಂಕಿಗೆ ಹೋದದ್ದು 1,54,500, ಉಳಿದದ್ದು 7,500, ನೆಗೆತದ ಇಂಧನವೊಂದಕ್ಕೇ ತಿಂಗಳಿಗೆ 20,000 ಬೇಕು.

ಇಕ್ಕಟ್ಟು ಹುಟ್ಟುವುದು ಇಲ್ಲಿ. ಶುದ್ಧ ಇಂಧನ ಟನ್ನಿಗೆ 500. ಅಶುದ್ಧವಾದದ್ದು 100ಕ್ಕೆ ಸಿಗುತ್ತದೆ. ಗುರುಗ್ರಹದಂಥ ಅನಿಲಗ್ರಹದ ಮೇಲ್ಪದರಕ್ಕೆ ನೌಕೆಯನ್ನು ಇಳಿಸಿ ಮೊಗೆದುಕೊಂಡರೆ ಪುಕ್ಕಟೆ. ಆದರೆ ಅಶುದ್ಧ ಇಂಧನದಿಂದ ಯಂತ್ರ ಕೆಡಬಹುದು, ನೆಗೆತ ತಪ್ಪಿ ನೌಕೆಯು ಗೊತ್ತಿಲ್ಲದ ಕಡೆ ಹೋಗಿ ಬೀಳಬಹುದು. ಕಂತು ಕಟ್ಟದೆ ಓಡಿಹೋಗೋಣವೆಂದರೆ ಸಾಲ ವಸೂಲಿಯವರು ನಕ್ಷತ್ರದಿಂದ ನಕ್ಷತ್ರಕ್ಕೆ ಬೆನ್ನಟ್ಟುತ್ತಾರೆ. ಆದುದರಿಂದಲೇ ಬಂದರಿನ ಹೋಟೆಲಿನಲ್ಲಿ ಅಪರಿಚಿತನೊಬ್ಬನು ಬಂದು, ಒಳಗೇನಿದೆಯೆಂದು ಕೇಳದಿದ್ದರೆ ಈ ಪೆಟ್ಟಿಗೆಗೆ ಮೂರು ಪಟ್ಟು ಬಾಡಿಗೆ ಕೊಡುತ್ತೇನೆ ಎಂದಾಗ, ಆಟಗಾರರು ಒಬ್ಬರನ್ನೊಬ್ಬರು ನೋಡಿ ಒಪ್ಪಿಕೊಂಡುಬಿಡುತ್ತಾರೆ. ಸಾಹಸಕ್ಕೆ ಅವರನ್ನು ಯಾವ ಭವಿಷ್ಯವಾಣಿಯೂ ಕರೆಯಲಿಲ್ಲ; ತಿಂಗಳ ಕಂತು ಕರೆಯಿತು. ಸಾಲ ಮಾಡಿ ಲಾರಿ ಕೊಂಡ ಯಾವ ಮಾಲೀಕನಿಗೂ ಈ ಆಟವನ್ನು ಎರಡು ನಿಮಿಷದಲ್ಲಿ ಕಲಿಸಬಹುದೆಂದು ನನ್ನ ನಂಬಿಕೆ.

ಇದಕ್ಕೆ ಸಮೀಪದ ಇನ್ನೊಂದು ಜಾಣತನವು 1989ರ ಸ್ಪೆಲ್‌ಜ್ಯಾಮರ್‌ನಲ್ಲಿದೆ. ಅಲ್ಲಿ ಹಡಗುಗಳು ಮಂತ್ರಬಲದಿಂದ ಆಕಾಶದಲ್ಲಿ ತೇಲುತ್ತವೆ. ಚುಕ್ಕಾಣಿಯ ಪೀಠದಲ್ಲಿ ಮಾಂತ್ರಿಕನೊಬ್ಬನು ಕುಳಿತುಕೊಳ್ಳಬೇಕು, ಕುಳಿತನೆಂದರೆ ಆ ದಿನದ ಅವನ ಮಂತ್ರಗಳೆಲ್ಲ ಹಡಗಿಗೆ ಸಂದುಹೋಗುತ್ತವೆ. ದಾರಿಯಲ್ಲಿ ಕಡಲ್ಗಳ್ಳರು ಬಂದಾಗ ಮಾಂತ್ರಿಕನಿದ್ದೂ ಇಲ್ಲದಂತೆ.

ಒಂದು ವಾಹನದಲ್ಲಿ ಐವರಿದ್ದು ಓಡಿಸುವವನು ಒಬ್ಬನೇ ಆದರೆ ಮಿಕ್ಕ ನಾಲ್ವರು ಏನು ಮಾಡಬೇಕು? ಓಡಾಟದ ನಿಯಮಗಳು ಅತಿ ಹೆಚ್ಚಾಗಿ ಸೋಲುವುದು ಈ ಪ್ರಶ್ನೆಯ ಮುಂದೆ. ಚಾಲಕನು ದಾಳ ಹಾಕುತ್ತಾನೆ, ಗೆಲ್ಲುತ್ತಾನೆ, ಮತ್ತೆ ಹಾಕುತ್ತಾನೆ. ಹಿಂದಿನ ಸೀಟಿನವರು ಚುರುಮುರಿ ಮುಗಿಸುತ್ತಾರೆ. ನೌಕೆಗಳಲ್ಲಾದರೆ ಒಬ್ಬ ಯಂತ್ರಕ್ಕೆ, ಒಬ್ಬ ತೋಪಿಗೆ, ಒಬ್ಬ ದಿಕ್ಕಿನ ಲೆಕ್ಕಕ್ಕೆ ಎಂದು ಹಂಚಬಹುದು. ಕಾರಿನೊಳಗೆ ಹಂಚಲು ಏನಿದೆ? 1983ರಲ್ಲಿ ಬಂದ ಜೇಮ್ಸ್ ಬಾಂಡ್ 007 ಎಂಬ ಆಟವು ಇದಕ್ಕೆ ಪೂರ್ಣ ಉತ್ತರ ಕೊಡದಿದ್ದರೂ, ಬೆನ್ನಟ್ಟುವ ಪ್ರಸಂಗವನ್ನು ಒಂದು ಇಳಿಹರಾಜನ್ನಾಗಿ ಮಾಡಿ ಮೇಜಿನ ಸುತ್ತ ಕುಳಿತವರೆಲ್ಲರ ಉಸಿರನ್ನು ಹಿಡಿಸಿತು. ಓಡುವವನೂ ಅಟ್ಟುವವನೂ ದಾಳ ಹಾಕುವ ಮೊದಲು ಕೂಗಬೇಕು. ಸುಲಭದ ಅಂಕ ಆರು ಎಂದು ಇವನು, ಐದು ಎಂದು ಅವನು, ನಾಲ್ಕು ಎಂದು ಇವನು. ಅಂಕ ಇಳಿದಷ್ಟೂ ಕೆಲಸ ಕಠಿನ. ಕೊನೆಗೆ ಯಾರೋ ಒಬ್ಬನು ಸಾಕೆನ್ನುತ್ತಾನೆ. ಆದರೆ ಸಾಕೆಂದವನಿಗೂ ಬಿಡುಗಡೆಯಿಲ್ಲ, ಇಳಿದು ನಿಂತ ಅಂಕದ ಮೇಲೆಯೇ ಇಬ್ಬರೂ ದಾಳ ಹಾಕಬೇಕು. ಘಟ್ಟದ ತಿರುವಿನಲ್ಲಿ ಎರಡು ಖಾಸಗಿ ಬಸ್ಸುಗಳು ಪೈಪೋಟಿಗೆ ಬಿದ್ದಾಗ ಒಳಗೆ ಕುಳಿತಿದ್ದವನಾಗಿ ಹೇಳುತ್ತೇನೆ, ಹುಚ್ಚುತನದ ಬೆಲೆಯನ್ನು ಹೀಗೆ ಇಬ್ಬರ ತಲೆಗೂ ಕಟ್ಟಿದ್ದು ಅನುಭವಕ್ಕೆ ಹತ್ತಿರವಾದ ಮಾತು.

ಕಾಲ್ನಡೆಯ ಪ್ರಯಾಣಕ್ಕೆ ಕೆಲಸವನ್ನು ಹಂಚುವ ಉಪಾಯವು ಈಚಿನದು. ಟೋಲ್ಕೀನನ ಲೋಕವನ್ನು ಆಧರಿಸಿ ಇಟಲಿಯ ಫ್ರಾಂಚೆಸ್ಕೊ ನೆಪಿತೆಲ್ಲೊ ರಚಿಸಿದ, 2011ರಲ್ಲಿ ಬಂದ ದಿ ಒನ್ ರಿಂಗ್ ಆಟದಲ್ಲಿ ದಾರಿ ತೋರುವವನು, ಮುಂದೆ ಹೋಗಿ ನೋಡಿಬರುವವನು, ಬೇಟೆ ತರುವವನು, ಕಾವಲು ಕಾಯುವವನು ಎಂದು ನಾಲ್ಕು ಹೊಣೆಗಳಿವೆ. ಮರುವರ್ಷದ ಡಂಜನ್ ವರ್ಲ್ಡ್ ಅದನ್ನು ಮೂರಕ್ಕೆ ಇಳಿಸಿ, ಇಡೀ ಪ್ರಯಾಣವನ್ನು ಮೂರೇ ಎಸೆತಗಳಲ್ಲಿ ತೀರಿಸಿಬಿಡುತ್ತದೆ: ಬುತ್ತಿ ನೋಡಿಕೊಳ್ಳುವವನು ಗೆದ್ದರೆ ಅನ್ನ ಉಳಿಯಿತು, ದಾರಿ ಹಿಡಿದವನು ಗೆದ್ದರೆ ಹೊತ್ತು ಉಳಿಯಿತು, ಕಣ್ಣಿಟ್ಟವನು ಗೆದ್ದರೆ ಅಪಾಯ ಮೊದಲೇ ಕಂಡಿತು. ಚೊಕ್ಕಟವಾಗಿದೆ. ನನಗೆ ತುಸು ಹೆಚ್ಚೇ ಚೊಕ್ಕಟವೆನಿಸಿತು. ದಾರಿಯ ಧೂಳು ಅದರಲ್ಲಿ ಇಲ್ಲ.

ಧೂಳು ಇರುವುದು ಜಪಾನಿನ ರ್ಯೂತಾಮದಲ್ಲಿ. ಅತ್ಸುಹಿರೊ ಒಕಾಡ ಎಂಬವರು 2007ರಲ್ಲಿ ಪ್ರಕಟಿಸಿದ ಈ ಆಟದಲ್ಲಿ ವೀರಯೋಧನೆಂಬ ವೃತ್ತಿಯೇ ಇಲ್ಲ. ರೈತ, ವರ್ತಕ, ಹಾಡುಗಾರ, ವೈದ್ಯ, ಬೇಟೆಗಾರ, ಕುಶಲಕರ್ಮಿ ಮತ್ತು ಒಬ್ಬ ಶ್ರೀಮಂತ ಮನೆತನದವನು, ಇಷ್ಟೇ ಏಳು ಬಗೆ. ಆ ಲೋಕದಲ್ಲಿ ಪ್ರತಿಯೊಬ್ಬರೂ ಜೀವಮಾನದಲ್ಲಿ ಒಮ್ಮೆಯಾದರೂ ದೇಶಸಂಚಾರಕ್ಕೆ ಹೊರಡಬೇಕೆಂಬ ಸಂಪ್ರದಾಯವಿದೆ. ನಮ್ಮ ಹಿರಿಯರು ಕಾಶೀಯಾತ್ರೆಗೆ ಹೊರಟಂತೆ ಎಂದುಕೊಳ್ಳಿ, ದೇವರ ಪ್ರಮೇಯ ಮಾತ್ರ ಬೇರೆ. ಬೆಳಗಾದೊಡನೆ ಪ್ರತಿಯೊಬ್ಬರೂ ತಮ್ಮ ದೇಹಸ್ಥಿತಿಗೆ ದಾಳ ಹಾಕಬೇಕು. ಹತ್ತು ಅಥವಾ ಮೇಲೆ ಬಿದ್ದವರಿಗೆ ಅಂದು ಮೈಯಲ್ಲಿ ಹುರುಪು, ಒಂದು ಗುಣ ಒಂದು ಮೆಟ್ಟಿಲು ಏರುತ್ತದೆ. ಅನಂತರ ನಡಿಗೆಗೆ ಒಂದೊಂದು ಎಸೆತ. ನೆಲ ಎಂಥದು, ಮಳೆಯೋ ಬಿಸಿಲೋ ಎಂಬುದರ ಮೇಲೆ ಗುರಿ ನಿಂತಿರುತ್ತದೆ, ಸೋತವನ ಪ್ರಾಣಶಕ್ತಿ ಅರ್ಧಕ್ಕೆ ಇಳಿಯುತ್ತದೆ. ದಿಕ್ಕಿಗೆ ಗುಂಪಿನ ಪರವಾಗಿ ಒಬ್ಬರು, ಸಂಜೆಯ ಬಿಡಾರಕ್ಕೆ ಮತ್ತೊಬ್ಬರು. ಯಾವ ರಾಕ್ಷಸನೂ ಬರಬೇಕಾಗಿಲ್ಲ. ಮಳೆಯಲ್ಲಿ ಕೆಸರು ತುಳಿದು ಬಂದು, ಒದ್ದೆ ಕಟ್ಟಿಗೆಯಲ್ಲಿ ಬೆಂಕಿ ಹತ್ತದೆ, ನಿನ್ನೆ ಮೈಸರಿಯಿಲ್ಲದ ಗೆಳೆಯನು ಇಂದು ಎಲ್ಲರಿಗಿಂತ ಮುಂದೆ ನಡೆದನೆಂಬುದೇ ಅಂದಿನ ಕಥೆ. ಸೂತ್ರಧಾರನೂ ಅಲ್ಲಿ ಒಂದು ಪಾತ್ರವೇ: ಈ ಪಯಣಿಗರ ಕಥೆಗಳನ್ನು ಬರೆದಿಟ್ಟು, ಅವನ್ನೇ ಆಹಾರವಾಗಿ ಉಣಿಸಿ, ಡ್ರ್ಯಾಗನ್ ಮರಿಯನ್ನು ಸಾಕುವವನು ಆತ.

ಎರವಲು ಪುಸ್ತಕಗಳನ್ನು ಹಿಂದಿರುಗಿಸುವಾಗ ನಾನು ಇದನ್ನೆಲ್ಲ ಆ ಸೂತ್ರಧಾರಿಣಿಗೆ ಹೇಳಿದೆನು, ನಳನ ಉತ್ತರೀಯವನ್ನೂ ಸೇರಿಸಿ. ಆಕೆಯು ಪೂರ್ತಿ ಕೇಳಿ, "ಅಂಕಲ್, ಹಾಗಾದ್ರೆ ದಿನಾ ದಿನಾ ಕೇಳೋದು ಬೇಡ, ಒಂದೇ ಸಲ ಕೇಳ್ತೀನಿ, ಆದ್ರೆ ಜೋರಾಗಿ ಕೇಳ್ತೀನಿ" ಎಂದಳು.

ಮುಂದಿನ ಶನಿವಾರ ಅವರು ಕೋಟೆಯಿಂದ ಹಿಂದಿರುಗಬೇಕಾಗಿತ್ತು. ಬಂಡಿಯಲ್ಲಿ ಮೂರು ಸಾವಿರ ನಾಣ್ಯ. ಬಂಡಿಗೆ ಕಟ್ಟಿದ ಹೇಸರಗತ್ತೆಗೆ ಅವರೇ ಪುಟ್ಟಿಯೆಂದು ಹೆಸರಿಟ್ಟು, ಅದರ ಕಿವಿಯ ಬಗ್ಗೆಯೂ ಸಿಟ್ಟಿನ ಬಗ್ಗೆಯೂ ಸಾಕಷ್ಟು ಮಾತಾಡಿಕೊಂಡಿದ್ದರು. ಆಕೆ ನಕ್ಷೆಯ ಮೇಲೆ ಎರಡು ಬೆರಳಿಟ್ಟಳು. ಹೆದ್ದಾರಿಯಲ್ಲಿ ಹೋದರೆ ಐದು ದಿನ. ಕೈಯಲ್ಲಿರುವುದು ಮೂರು ದಿನದ ಬುತ್ತಿ, ಜೊತೆಗೆ ಸುಂಕದ ಕಟ್ಟೆಯಲ್ಲಿ ಬಂಡಿಯನ್ನು ಬಿಚ್ಚಿ ನೋಡುತ್ತಾರೆ. ಜೌಗಿನಲ್ಲಿ ಹೋದರೆ ಮೂರೇ ದಿನ. ಅರ್ಧ ಗಂಟೆ ಜಗಳವಾಡಿ ಜೌಗನ್ನೇ ಹಿಡಿದರು. ಮೊದಲ ದಿನವನ್ನು ಆಕೆ ಎರಡು ಮಾತಿನಲ್ಲಿ ದಾಟಿಸಿದಳು: ಸೊಳ್ಳೆ, ಕೊಳೆತ ನೀರಿನ ವಾಸನೆ. ಎರಡನೆಯ ದಿನ ಮಧ್ಯಾಹ್ನ ಬಂಡಿಯ ಎಡಗಾಲಿ ಅಚ್ಚಿನವರೆಗೆ ಹೂತುಕೊಂಡು, ಪುಟ್ಟಿಯ ಮುಂಗಾಲುಗಳು ಕೆಸರಿನೊಳಗೆ ಇಳಿಯತೊಡಗಿದುವು. ಬಂಡಿಯನ್ನು ಹಗುರ ಮಾಡಿದರೆ ಪುಟ್ಟಿ ಬದುಕೀತು, ನಾಣ್ಯ ಕೆಸರಿಗೆ. ನೊಗದಿಂದ ಪುಟ್ಟಿಯನ್ನು ಕಡಿದುಬಿಟ್ಟು ಬಂಡಿಗೆ ಹಗ್ಗ ಹಾಕಿದರೆ ನಾಣ್ಯ ಉಳಿದೀತು, ಆದರೆ ಹೊರುವವರು ಯಾರು, ದಿನಕ್ಕೆ ಎಷ್ಟು ಮೈಲಿ?

ಮೊಬೈಲು ತೆಗೆಯುತ್ತಿದ್ದವನು ಈಗ ಮೊಣಕಾಲನ್ನು ಕುರ್ಚಿಯ ಮೇಲೆ ಮಡಚಿ ಮೇಜಿನ ಮೇಲಕ್ಕೆ ಬಾಗಿದ್ದನು. "ಅರ್ಧ ಚೀಲ ಎಸೀರೋ, ಅರ್ಧ ಇಟ್ಕೊಳಿ" ಎಂದನೊಬ್ಬ. ವರ್ತಕನ ಪಾತ್ರ ಧರಿಸಿದ್ದ ನನ್ನ ಅಳಿಯನು ಒಂದೂ ಮಾತಾಡದೆ ತನ್ನ ಹಾಳೆಯಲ್ಲಿ ನಾಣ್ಯದ ಸಂಖ್ಯೆಯನ್ನು ಅರ್ಧ ಅಳಿಸಿ, ಮತ್ತೆ ಬರೆದು, ಕಡೆಗೆ ರಬ್ಬರನ್ನು ಒತ್ತಿ ಎರಡು ಸಾವಿರವನ್ನು ಅಳಿಸಿಹಾಕಿದನು. "ಈಗ ಎಳೆದರೆ ಬರತ್ತಾ?" ಎಂದು ಕೇಳಿದನು.

"ನಾಲ್ಕು, ಅಥವಾ ಮೇಲೆ" ಎಂದಳು ಆಕೆ.

ಅವನ ಕೈ ಬೆವರಿತ್ತೋ ಏನೋ, ದಾಳವನ್ನು ನನ್ನ ಕೈಗೆ ಹಾಕಿ, "ಮಾವ, ನೀವೇ ಎಸೀರಿ" ಎಂದನು. ನಾನು ಎಸೆದೆನು, ಅಭ್ಯಾಸವಿಲ್ಲದ ಕೈ, ತುಸು ಜೋರಾಯಿತು. ದಾಳವು ಹರಿವಾಣಕ್ಕೆ ತಗಲಿ, ಮೇಜಿನಿಂದ ಹಾರಿ, ಫ್ರಿಜ್ಜಿನ ಕೆಳಗೆ ಹೋಯಿತು. ಐವರೂ ನೆಲದ ಮೇಲೆ ಮಲಗಿ ಇಣುಕಿದರು. ಐದು ಬಿದ್ದಿತ್ತು. ಮೇಜಿನಿಂದ ಆಚೆ ಬಿದ್ದ ದಾಳ ಲೆಕ್ಕಕ್ಕೆ ಬರುವುದೇ, ಇಲ್ಲವೇ ಎಂಬ ವಾದ ಆಗ ಎದ್ದಿತು. ನಾನು ಮಲಗಲು ಹೋಗುವಾಗಲೂ ಅದು ಮುಗಿದಿರಲಿಲ್ಲ, ಪುಟ್ಟಿಯ ಮುಂಗಾಲು ಇನ್ನೂ ಕೆಸರಿನಲ್ಲಿಯೇ ಇತ್ತು.